ಗವರ್ನರ್ ಚಿಕ್ಕಪ್ಪನ ಇಪ್ಪತ್ತಾರು ಬಕೆಟ್

ನಾನು ಕೊಟ್ಟ ಬಕೆಟ್ಟಿನಲ್ಲಿ ಅರ್ಧವೇ ನೀರಿತ್ತು. ಹನ್ನೊಂದು ದಿನವಾಯಿತು, ಈ ಮಾತು ತಲೆಯಿಂದ ಇಳಿಯುತ್ತಿಲ್ಲ. ಮಗುವಿಗೆ ಸ್ನಾನ ಮಾಡಿಸುವಾಗ, ಅದರ ಬಟ್ಟೆ ಹಿಂಡುವಾಗ, ಕುಕ್ಕರ್ ಎಷ್ಟು ಸಲ ಕೂಗಿತೆಂದು ಎಣಿಕೆ ತಪ್ಪಿದಾಗ, ಎಲ್ಲದರ ನಡುವೆ ಅದೇ. "ಅರ್ಧ ಬಕೆಟ್ ನೀರಿಗೆ ಇಷ್ಟು ಕೊರಗೋಳು ನೀನೊಬ್ಬಳೇ ಕಣೆ. ಪೂರ್ತಿ ತುಂಬಿ ಕೊಟ್ಟಿದ್ರೆ ನೀರು ದಂಡವಾಯ್ತಲ್ಲ ಅಂತ ಕೊರಗ್ತಿದ್ದೆ," ಎಂದು ನಮ್ಮನೆಯವರು ನಗುತ್ತಾರೆ. ಅದು ಸುಳ್ಳೂ ಅಲ್ಲ. ಮಗು ಎರಡು ಸಲ ಸೀನಿದರೆ ಥರ್ಮಾಮೀಟರ್ ಹುಡುಕುವವಳು ನಾನು. ಆದರೆ ಈ ಸಲದ ಚಿಂತೆಗೆ ಕಾರಣವಿದೆ. ಆ ನೀರನ್ನು ನಾವು ಕೊಟ್ಟದ್ದು ನಮ್ಮ ಕಟ್ಟಡದ ಲಿಫ್ಟನ್ನು ಪರೀಕ್ಷಿಸುವುದಕ್ಕೆ. ಪರೀಕ್ಷಿಸಿ, 'ಸುರಕ್ಷಿತ' ಎಂದು ಬರೆದು ಸಹಿ ಹಾಕಿದವರು ನನ್ನ ಚಿಕ್ಕಪ್ಪ.

ಚಿಕ್ಕಪ್ಪ ನಮ್ಮಪ್ಪನಿಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವರು. ಓದು ತಲೆಗೆ ಹತ್ತಲಿಲ್ಲವೆಂದು ಹತ್ತೊಂಬತ್ತಕ್ಕೇ ಲಿಫ್ಟ್ ಕಂಪನಿಯೊಂದರಲ್ಲಿ ಉಕ್ಕಿನ ಹಗ್ಗಗಳಿಗೆ ಎಣ್ಣೆ ಸವರುವ ಕೆಲಸಕ್ಕೆ ಸೇರಿದರು. ನಾಲ್ಕು ವರ್ಷ ಕಳೆದ ಮೇಲೆ ಸರಕಾರದ ಲಿಫ್ಟ್ ಇಲಾಖೆಗೆ ಪರೀಕ್ಷಾ ತಂಡದಲ್ಲಿ ಭಾರ ಹೊರುವವರಾಗಿ ಹೋದರು. ಆಗ ಇಲಾಖೆಗೊಂದು ವ್ಯಾನಿತ್ತು. ಅದರ ತುಂಬ ಎರಕದ ಕಬ್ಬಿಣದ ತೂಕದ ಕಲ್ಲುಗಳು, ಒಂದೊಂದೂ ಇಪ್ಪತ್ತು ಕಿಲೋ. ಅವನ್ನು ಹೊತ್ತು ಲಿಫ್ಟಿನೊಳಗೆ ಪೇರಿಸಿ, ಅದು ಹೊರಬೇಕಾದ ಭಾರದ ಒಂದೂಕಾಲು ಪಟ್ಟು ತುಂಬಿ, ಮೇಲಿನಿಂದ ಕೆಳಗೆ ಬಿಟ್ಟು, ನಡುದಾರಿಯಲ್ಲಿ ಕರೆಂಟ್ ತೆಗೆದು, ಬ್ರೇಕ್ ಹಿಡಿಯುತ್ತದೋ ಇಲ್ಲವೋ ನೋಡುವುದು ಪರೀಕ್ಷೆ. ಚಿಕ್ಕಪ್ಪ ಹೊರುತ್ತ ಹೊರುತ್ತ ಕಲಿತರು, ಕಲಿಯುತ್ತ ಕಲಿಯುತ್ತ ಇಲಾಖೆಯ ಪರೀಕ್ಷೆಗಳನ್ನು ಬರೆದರು, ನಲವತ್ತರ ಹೊತ್ತಿಗೆ ಇನ್‌ಸ್ಪೆಕ್ಟರ್ ಆದರು. ಓದು ತಲೆಗೆ ಹತ್ತದವರು ಹೆಗಲ ಮೇಲಿಂದ ಹತ್ತಿಸಿಕೊಂಡರು ಎಂದು ಅಪ್ಪ ಹೇಳುತ್ತಿದ್ದರು.

ಬಂಧುಬಳಗಕ್ಕೆಲ್ಲ ಅವರು 'ಗವರ್ನರ್'. ಲಿಫ್ಟ್ ಮಿತಿ ಮೀರಿ ಓಡತೊಡಗಿದರೆ ಹಿಡಿದು ನಿಲ್ಲಿಸುವುದಕ್ಕೆ ಮೇಲಿನ ಕೋಣೆಯಲ್ಲಿ ಗವರ್ನರ್ ಎಂಬೊಂದು ಚಕ್ರವಿರುತ್ತದೆ. ಯಾರದೇ ಮದುವೆಯಾಗಲಿ, ಎಲೆ ಹಾಕುವ ಹೊತ್ತಿಗೆ ಚಿಕ್ಕಪ್ಪ ಪಕ್ಕದವನಿಗೆ ಆ ಚಕ್ರದ ಮಹಿಮೆ ಹೇಳುತ್ತಿರುತ್ತಿದ್ದರು. "ಗವರ್ನರ್ ಪಕ್ಕ ಕೂತ್ರೆ ಊಟ ತಣ್ಣಗಾಗತ್ತೆ" ಎಂಬುದು ನಮ್ಮ ಮನೆಯ ಗಾದೆ. ಅವರು ಯಾವ ಲಿಫ್ಟಿಗೂ ಸುಮ್ಮನೆ ಹತ್ತುವವರಲ್ಲ. ಬಾಗಿಲು ತೆರೆದೊಡನೆ ಮೊದಲು ನೆಲದ ಸಂದಿ ನೋಡುತ್ತಾರೆ, ಆಮೇಲೆ ಎಷ್ಟು ಭಾರವೆಂದು ಬರೆದ ಒಳಗಿನ ಹಲಗೆ, ಆಮೇಲೆ ಹತ್ತುತ್ತಾರೆ. ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಆನಿಸಿ ಹಿಡಿಕೆಗೆ ಕಿವಿ ಕೊಟ್ಟರೆಂದರೆ ಥೇಟ್ ಡಾಕ್ಟರು. ಜೇಬಿನಲ್ಲಿ ಯಾವಾಗಲೂ ಒಂದು ಚಾಕ್‌ಪೀಸ್, ಒಂದು ಟಾರ್ಚ್. ಉಗುರಿನ ಸಂದಿಯ ಗ್ರೀಸನ್ನು ಚಿಕ್ಕಮ್ಮನಿಗೆ ಮೂವತ್ತು ವರ್ಷ ಉಜ್ಜಿಯೂ ತೆಗೆಯಲಾಗಲಿಲ್ಲ.

ನನಗೆ ಹತ್ತು ವರ್ಷವಾಗಿದ್ದಾಗ ಒಂದು ಗೋದಾಮಿನ ಸಾಮಾನಿನ ಲಿಫ್ಟ್ ಕೆಳಗೆ ಬಿತ್ತು. ಒಳಗೆ ಮೂಟೆಗಳ ಜೊತೆ ಒಬ್ಬ ಹೆಂಗಸು ಇದ್ದಳು. ಮರುದಿನ ಅದನ್ನು ನೋಡಿ ವರದಿ ಬರೆಯಲು ಹೋದವರು ಚಿಕ್ಕಪ್ಪ. ಸಂಜೆ ನಮ್ಮ ಮನೆಗೆ ಬಂದು, ಕೊಟ್ಟ ಚಹಾ ಕುಡಿಯದೆ, ಅಂಗಳದ ನಲ್ಲಿಯಲ್ಲಿ ಬಹಳ ಹೊತ್ತು ಕೈ ತೊಳೆದರು. "ಹಗ್ಗ ಕಿತ್ತು ಬೀಳತ್ತೆ ಅಂತ ಜನ ಅಂದ್ಕೊಳ್ತಾರೆ ಮರಿ," ಎಂದರು ನನಗೆ. "ಹಗ್ಗ ಕೀಳಲ್ಲ. ಬ್ರೇಕ್ ಸವೀತಾ ಹೋಗತ್ತೆ. ಖಾಲಿ ಇದ್ದಾಗ ಎಲ್ಲ ಬ್ರೇಕೂ ಸಾಚಾನೇ. ಭಾರ ಹಾಕಿದ್ಮೇಲೆ ಅದರ ಯೋಗ್ಯತೆ ಗೊತ್ತಾಗೋದು." ಆ ಗೋದಾಮಿನ ಲಿಫ್ಟಿಗೆ ಇಲಾಖೆಯವರೊಬ್ಬರು ಕುರ್ಚಿ ಬಿಟ್ಟೇಳದೆ ಸಹಿ ಹಾಕಿದ್ದರಂತೆ. ಅದಾದ ಮೇಲೆ ಚಿಕ್ಕಪ್ಪ ಒಂದು ರೂಢಿ ಮಾಡಿಕೊಂಡರು. ಪ್ರತಿಯೊಂದು ಕಲ್ಲನ್ನೂ ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ, ಮುಳ್ಳು ನೋಡಿ, ಚಾಕ್‌ಪೀಸಿನಲ್ಲಿ ಗುರುತು ಹಾಕಿದ ಮೇಲೆಯೇ ಒಳಗೆ ಬಿಡುವುದು. "ಇಲಾಖೆ ಕಲ್ಲು ಸಾರ್, ಅದರ ಮೇಲೇ ಬರೆದಿದೆ ಇಪ್ಪತ್ತು ಅಂತ," ಎಂದು ತಂಡದವರು ಗೊಣಗಿದರೆ, "ನನ್ನ ಜಾತಕದ ಮೇಲೂ ಏನೇನೋ ಬರೆದಿದೆ" ಎನ್ನುತ್ತಿದ್ದರು.

ಇಷ್ಟಾದರೂ, ಲಿಫ್ಟ್ ಪರೀಕ್ಷೆಯನ್ನು ಇಲಾಖೆಯ ಕೈಯಿಂದ ಬಿಡಿಸಿ ಖಾಸಗಿಯವರಿಗೆ ತೆರೆಯಬೇಕೆಂಬ ಚರ್ಚೆ ಎದ್ದಾಗ ನಮ್ಮ ಮನೆಯಲ್ಲಿ ಅದರ ಪರ ನಿಂತವರು ಚಿಕ್ಕಪ್ಪನೊಬ್ಬರೇ. ಅಪ್ಪನಿಗೆ ಕೋಪ.

"ಸರಕಾರ ಕೈಬಿಟ್ರೆ ಬೇಲಿ ಕಿತ್ತು ಹೊಲ ಬಿಟ್ಟ ಹಾಗೆ ಕಣೋ."

"ಬೇಲಿ ಅಲ್ಲಣ್ಣ ಅದು, ಗೇಟು. ಬೀಗ ನಮ್ಮ ಸಾಹೇಬ್ರ ಹತ್ರ. ಬೀಗದ ಕೈ ಅವರ ಮೇಜಿನ ಕೆಳಗೆ."

"ಎಲ್ಲರೂ ಹಾಗಿರ್ತಾರಾ?"

"ಇಲ್ಲ. ಕೆಲವರು ಸಾಚಾ, ಆದ್ರೆ ಸೋಮಾರಿಗಳು. ಒಂದು ಆಸ್ಪತ್ರೆ ಲಿಫ್ಟು ನಾಲ್ಕು ತಿಂಗಳು ಮುಚ್ಚಿತ್ತು ಗೊತ್ತಾ? ಕೆಟ್ಟಿರಲಿಲ್ಲ. ಸರಿಯಾಗೇ ಇತ್ತು. ನೋಡೋಕೆ ಒಬ್ಬರು ಬರಬೇಕಿತ್ತು, ಅಷ್ಟೇ. ಬಸುರಿಯರನ್ನ ಕುರ್ಚಿ ಮೇಲೆ ಹೊತ್ತರು. ನಾಳೆ ಹತ್ತು ಜನ ಪರೀಕ್ಷಕರು ಪೇಟೆಗೆ ಬರಲಿ. ಯಾರು ಚೆನ್ನಾಗಿ ಮಾಡ್ತಾರೋ ಅವರಿಗೆ ಕೆಲಸ. ಪೈಪೋಟಿ ಅಂದ್ರೆ ಅದೂ ಒಂದು ಗವರ್ನರ್ರೇ."

ನಾನಾಗ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಿದ್ದೆ. ಚಿಕ್ಕಪ್ಪ ಹೇಳಿದ್ದೆಲ್ಲ ಪಠ್ಯಪುಸ್ತಕದ ಎರಡನೇ ಅಧ್ಯಾಯದಲ್ಲಿತ್ತು. ಅಪ್ಪನ ಮಾತು ಯಾವ ಅಧ್ಯಾಯದಲ್ಲೂ ಸಿಗಲಿಲ್ಲವಾದ್ದರಿಂದ ನಾನೂ ಚಿಕ್ಕಪ್ಪನ ಪಕ್ಷ ಸೇರಿದೆ.

ಕಾನೂನು ಬಂತು. ಇಲಾಖೆ ಇನ್ನು ಪರೀಕ್ಷೆ ಮಾಡುವುದಿಲ್ಲ. ಪರೀಕ್ಷಕರಿಗೆ ನೋಂದಣಿ ಸಂಖ್ಯೆ ಕೊಡುತ್ತದೆ, ದೂರು ಬಂದರೆ ವಿಚಾರಿಸುತ್ತದೆ. ಕಟ್ಟಡದವರು ತಮಗೆ ಬೇಕಾದ ಪರೀಕ್ಷಕರನ್ನು ತಾವೇ ಕರೆಸಿ ಪ್ರಮಾಣಪತ್ರ ಪಡೆಯಬೇಕು. ವ್ಯಾನನ್ನೂ ಕಲ್ಲುಗಳನ್ನೂ ಗುಜರಿಯವನು ಹರಾಜಿನಲ್ಲಿ ಕೊಂಡ. ಚಿಕ್ಕಪ್ಪ ನೌಕರಿಗೆ ರಾಜೀನಾಮೆ ಕೊಟ್ಟು ಸ್ವಂತ ಬೋರ್ಡ್ ಹಾಕಿದರು. ಮೊದಲೆರಡು ವರ್ಷ ಅವರಿಗೆ ಪುರುಸೊತ್ತೇ ಇರಲಿಲ್ಲ. ಫೋನ್ ಮಾಡಿದ ಮೂರನೇ ದಿನಕ್ಕೆ ಬರುತ್ತಿದ್ದರು, ಲಂಚದ ಮಾತಿಲ್ಲ, ತಪ್ಪಿದ್ದರೆ ತೋರಿಸಿ ತಿದ್ದಿಸಿ ಮತ್ತೆ ಬಂದು ನೋಡುತ್ತಿದ್ದರು. ಕಲ್ಲುಗಳಿಗೆ ಬದಲಾಗಿ ಹೊಸ ಉಪಾಯ ಮಾಡಿಕೊಂಡರು: ಮನೆಮನೆಯಿಂದಲೂ ಮುಚ್ಚಳವಿರುವ ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ಟಿನಲ್ಲಿ ನೀರು ತುಂಬಿಸಿ ತರಿಸುವುದು. ಗೋಡೆಗೆ ಬಣ್ಣ ಬಳಿಸಿದ ಮೇಲೆ ಆ ಬಿಳಿ ಬಕೆಟ್ಟನ್ನು ಎಸೆಯುವ ಗೃಹಿಣಿ ಎಲ್ಲಾದರೂ ಇದ್ದಾಳೆಯೇ? ವ್ಯಾನ್ ಬೇಡ, ಹಮಾಲಿ ಬೇಡ, ಒಂದು ಲೀಟರಿಗೆ ಒಂದು ಕಿಲೋ. "ಇಲಾಖೆಗೆ ಮೂವತ್ತು ವರ್ಷದಲ್ಲಿ ಹೊಳೀಲಿಲ್ಲ ನೋಡು," ಎಂದು ಹೆಮ್ಮೆಪಟ್ಟರು. ಆದರೆ ತಕ್ಕಡಿ ಬಿಟ್ಟಿರಲಿಲ್ಲ. ಪ್ರತಿ ಬಕೆಟ್ಟನ್ನೂ ಹಗ್ಗದ ನೆಲುವಿನಲ್ಲಿಟ್ಟು ತೂಗಿ, ಮುಚ್ಚಳದ ಮೇಲೆ ಗುರುತು ಹಾಕಿ, ಆಮೇಲೆಯೇ ಒಳಗೆ.

ಆಮೇಲೆ ಪರೀಕ್ಷಕರು ಹತ್ತಲ್ಲ, ನೂರಾದರು. ಪರೀಕ್ಷಕರನ್ನು ಗೊತ್ತುಮಾಡುವ ಆ್ಯಪ್ ಬಂತು. ಕಟ್ಟಡದ ಸಂಘಗಳು ಅವರಿಗೆ ನಕ್ಷತ್ರ ಕೊಡತೊಡಗಿದವು. ಒಂದು ಮಧ್ಯಾಹ್ನ ಚಿಕ್ಕಪ್ಪ ಕನ್ನಡಕ ಹಣೆಗೇರಿಸಿ ಫೋನನ್ನು ನನ್ನ ಮುಂದೆ ಹಿಡಿದರು. ಒಂದೇ ನಕ್ಷತ್ರ. ಕೆಳಗೆ ಬರೆದಿತ್ತು: 'ವಿನಾಕಾರಣ ತಕರಾರು. ಎರಡು ಸಲ ಬಂದರು. ಪಕ್ಕದ ಕಟ್ಟಡದವರಿಗೆ ಇಪ್ಪತ್ತು ನಿಮಿಷದಲ್ಲಿ ಆಯಿತು.'

"ಆ ಲಿಫ್ಟಿನ ಬ್ರೇಕಿನ ಪಟ್ಟಿ ಹಪ್ಪಳದಷ್ಟು ತೆಳ್ಳಗಿತ್ತು," ಎಂದರು. "ಹೊಸದು ಹಾಕಿಸಿದೆ. ಜೀವ ಉಳೀತು ಅಂತ ನಕ್ಷತ್ರ ಕೊಡೋಕೆ ಆಗತ್ತಾ? ಸತ್ತಿದ್ರೆ ತಾನೇ ಉಳಿದದ್ದು ಗೊತ್ತಾಗೋದು."

ಕಾಲೇಜಿನಲ್ಲಿ ಓದಿದ ಎರಡನೇ ಅಧ್ಯಾಯದಲ್ಲಿ ಗಿರಾಕಿಗೆ ತಾನು ಕೊಳ್ಳುವ ಸರಕು ಏನೆಂದು ಗೊತ್ತಿರುತ್ತದೆ. ಇಲ್ಲಿ ಗಿರಾಕಿ ಕೊಳ್ಳುತ್ತಿದ್ದುದು ಸುರಕ್ಷತೆಯಲ್ಲ, ಕಾಗದ. ಕಾಗದವನ್ನು ಬೇಗ ಕೊಡುವವನು, ಅಗ್ಗಕ್ಕೆ ಕೊಡುವವನು, ಪ್ರಶ್ನೆ ಕೇಳದೆ ಕೊಡುವವನು ಗೆಲ್ಲುತ್ತ ಹೋದ. ಅದೂ ಪೈಪೋಟಿಯೇ. ಒಂದು ಲಿಫ್ಟನ್ನು ಅನುತ್ತೀರ್ಣ ಮಾಡಿದ ಪರೀಕ್ಷಕನನ್ನು ಮರುವರ್ಷ ಅಲ್ಲಿಗೆ ಯಾರೂ ಕರೆಯರು. ಚಿಕ್ಕಪ್ಪನ ಶುಲ್ಕ ಮೂರರಲ್ಲೊಂದು ಪಾಲಿಗೆ ಇಳಿಯಿತು. ದಿನಕ್ಕೊಂದು ಕಟ್ಟಡ ನೋಡುತ್ತಿದ್ದವರು ಎರಡು, ಮೂರು, ಕೊನೆಗೆ ಐದು ನೋಡತೊಡಗಿದರು. ಕಲ್ಲು ಹೊತ್ತ ಬಲಹೆಗಲು ಐವತ್ತೆಂಟರಲ್ಲಿ ಸೇಡು ತೀರಿಸಿಕೊಳ್ಳತೊಡಗಿತ್ತು.

ನಮ್ಮದು ಐದು ಮಹಡಿಯ ಕಟ್ಟಡ, ಇಪ್ಪತ್ತು ಮನೆ, ಆರು ಜನ ಹಿಡಿಸುವ ಒಂದೇ ಲಿಫ್ಟು. ಈ ವರ್ಷ ದೊಡ್ಡ ಪರೀಕ್ಷೆ, ಭಾರ ಹಾಕಿ ಮಾಡುವಂಥದು. ಸಂಘದ ಸೆಕ್ರೆಟರಿ ಸಭೆಯಲ್ಲಿ, "ಒಬ್ಬರು ಫೋಟೋ ಕಳ್ಸಿ ಸಾಕು ಅಂದಿದಾರೆ, ಮನೆಯಿಂದಲೇ ಸರ್ಟಿಫಿಕೇಟ್ ಕೊಡ್ತಾರಂತೆ," ಎಂದರು. ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಎದ್ದು ನಿಂತು, ನನ್ನ ಚಿಕ್ಕಪ್ಪನನ್ನು ಕರೆಸಿ, ಅವರಷ್ಟು ಕಟ್ಟುನಿಟ್ಟಿನವರು ಸಿಗುವುದಿಲ್ಲ ಎಂದೆ. "ಅರ್ಧ ದಿನದಲ್ಲಿ ಮುಗಿಸ್ತಾರಾ?" ಎಂದು ಕೇಳಿದರು ಸೆಕ್ರೆಟರಿ. ನಾನು ಹೂಂ ಎಂದುಬಿಟ್ಟೆ. ಕೆಲಸ ಚಿಕ್ಕಪ್ಪನಿಗೆ ಬಂತು.

ಆ ದಿನ ಬೆಳಿಗ್ಗೆ ಇಪ್ಪತ್ತಾರು ಬಕೆಟ್ಟು ಬೇಕು, ಇದ್ದವರು ಎರಡು ಕೊಡಿ ಎಂದು ವಾಚ್‌ಮನ್ ಮನೆಮನೆಗೂ ಹೇಳಿಹೋದ. ಮಗುವಿಗೆ ಹಲ್ಲು ಬರುತ್ತಿತ್ತು, ಇಳಿಸಿದರೆ ಅಳು. ಒಂದೇ ಕೈಯಲ್ಲಿ ಬಕೆಟ್ಟನ್ನು ನಲ್ಲಿಯ ಕೆಳಗೆ ತಳ್ಳಿದೆ. ಅರ್ಧ ತುಂಬಿತು. ಇನ್ನು ತುಂಬಿದರೆ ಬಾಗಿಲವರೆಗೆ ಎಳೆಯಲಾರೆ ಎನಿಸಿ ನಲ್ಲಿ ನಿಲ್ಲಿಸಿ ಮುಚ್ಚಳ ಒತ್ತಿದೆ. ಚಿಕ್ಕಪ್ಪ ತೂಗುತ್ತಾರಲ್ಲ, ಕಡಿಮೆಯಾದರೆ ಕೆಳಗೆ ತುಂಬಿಸಿಕೊಳ್ಳುತ್ತಾರೆ ಎಂದುಕೊಂಡೆ.

ಬಾಲ್ಕನಿಯಿಂದ ನೋಡಿದೆ. ಚಿಕ್ಕಪ್ಪ ಸ್ಕೂಟರಿನಿಂದ ಇಳಿದರು. ಚೀಲದಿಂದ ಯಾವಾಗಲೂ ಇಣುಕುತ್ತಿದ್ದ ತಕ್ಕಡಿ ಕಾಣಲಿಲ್ಲ. ಮುಚ್ಚಳಗಳನ್ನು ಬೆರಳಿನಿಂದ ಮುಟ್ಟುತ್ತ ಎಣಿಸಿದರು: ಇಪ್ಪತ್ತಾರು. ವಾಚ್‌ಮನ್ ಮತ್ತು ತೋಟದವನು ಪೇರಿಸಿದರು. ಲಿಫ್ಟ್ ಇಳಿಯುವ ಸದ್ದು ಕೇಳಿತು, ಕರೆಂಟ್ ತೆಗೆದರು, ನಿಂತಿತು. ಸೆಕ್ರೆಟರಿ ಚಪ್ಪಾಳೆ ತಟ್ಟಿದರು. ಚಿಕ್ಕಪ್ಪ ಮೇಲೆ ಬಂದು ಮಗುವಿನ ಗಲ್ಲ ಹಿಂಡಿ, ನಿಂತೇ ಚಹಾ ಕುಡಿದು, "ಇನ್ನೂ ನಾಲ್ಕಿದೆ ಮರಿ," ಎಂದು ಓಡಿದರು. ಕೇಳಬೇಕಿತ್ತು. ಮಗು ಬಟ್ಟಲು ಬೀಳಿಸಿತು, ನಾನು ಕೇಳಲಿಲ್ಲ.

ಎರಡು ದಿನ ಬಿಟ್ಟು ಕೆಳಗಿನ ಕಲ್ಲುಬೆಂಚಿನ ಮೇಲೆ ಐದನೇ ಮಹಡಿಯ ಟೀಚರಮ್ಮ ಸಿಕ್ಕರು. ನಿವೃತ್ತರು, ಎರಡೂ ಮಂಡಿ ಹೋಗಿವೆ, ಲಿಫ್ಟಿಲ್ಲದಿದ್ದರೆ ಅವರಿಗೆ ಹೊರಗಿನ ಲೋಕವೇ ಇಲ್ಲ. ಸುಮ್ಮನಿರಲಾರದೆ ಅವರ ಮುಂದೆ ನನ್ನ ಅರ್ಧ ಬಕೆಟ್ಟಿನ ಪಾಪ ಹೇಳಿಕೊಂಡೆ. ಅವರು ನಕ್ಕರು.

"ಅಯ್ಯೋ ಹುಚ್ಚಮ್ಮಾ, ಅರ್ಧ ತುಂಬಿದ್ಯಲ್ಲ, ನೀನೇ ಧಾರಾಳಿ. ಪೇಂಟ್ ಬಕೆಟ್ ಯಾರಾದ್ರೂ ಪೂರ್ತಿ ತುಂಬ್ತಾರೇನೇ? ಹಿಡಿಕೆ ಕಿತ್ಕೊಂಡು ಬರಲ್ವಾ?"

ನಿಜ. ಆ ಬಕೆಟ್ಟಿನ ಹಿಡಿಕೆ ತೆಳುವಾದ ಪ್ಲಾಸ್ಟಿಕ್. ಕಂಠಮಟ್ಟ ತುಂಬಿ ಎತ್ತಿದರೆ ಒಂದು ಕಡೆಯಿಂದ ಕಿತ್ತು, ನೀರೆಲ್ಲ ಕಾಲ ಮೇಲೆ. ಅದರಲ್ಲಿ ನೀರು ಹಿಡಿಯುವ ಪ್ರತಿ ಹೆಂಗಸಿಗೂ ಇದು ಗೊತ್ತು. ಕೈ ತಾನಾಗಿ ನಲ್ಲಿ ನಿಲ್ಲಿಸುತ್ತದೆ. ಉಕ್ಕಿನ ಹಗ್ಗ, ಚಕ್ರ, ಬ್ರೇಕುಗಳ ಒಳಹೊರಗನ್ನು ಬಲ್ಲ ಚಿಕ್ಕಪ್ಪನಿಗೆ ಗೊತ್ತಿಲ್ಲದಿದ್ದುದು ಇದೊಂದೇ. ಮನೆಯಲ್ಲಿ ಅವರು ಯಾವತ್ತೂ ಆ ಬಕೆಟ್ಟಿನಲ್ಲಿ ನೀರು ಹೊತ್ತವರಲ್ಲ. ತಕ್ಕಡಿಯಿದ್ದಾಗ ಅದೇ ಹೇಳುತ್ತಿತ್ತು, ಯಾರೋ ಅವಸರದಲ್ಲಿ ಕಡಿಮೆ ಹಿಡಿದರೆಂದುಕೊಂಡು ತುಂಬಿಸಿಕೊಳ್ಳುತ್ತಿದ್ದರು. ತಕ್ಕಡಿ ಬಿಟ್ಟ ಮೇಲೆ ಬಕೆಟ್ಟೆಂದರೆ ಇಪ್ಪತ್ತು ಕಿಲೋ ಎಂದೇ ನಂಬಿಕೊಂಡರು.

ಆ ಸಂಜೆ ಮಗುವನ್ನೆತ್ತಿಕೊಂಡು, ನೆಪಕ್ಕೆ ಒಂದು ಬಟ್ಟಲು ಹಿಡಿದುಕೊಂಡು ಮನೆಮನೆ ತಿರುಗಿದೆ. ಒಬ್ಬರು ಮುಕ್ಕಾಲು ಎಂದರು, ಒಬ್ಬರು ಅರ್ಧ. ಮೂರನೇ ಮಹಡಿಯ ಹೊಸ ಮದುಮಗಳು, "ಎಲ್ರೂ ತುಂಬಿರ್ತಾರಲ್ವಾ ಅಂತ ನಾನು ಕಾಲು ಭಾಗ ಹಾಕ್ದೆ ಅಕ್ಕಾ," ಎಂದು ನಾಲಿಗೆ ಕಚ್ಚಿಕೊಂಡಳು. ಬಂದು ಕೂಡಿಸಿ ನೋಡಿದೆ. ಐನೂರು ಕಿಲೋ ದಾಟಬೇಕಿದ್ದುದು ಮುನ್ನೂರನ್ನೂ ಮುಟ್ಟುತ್ತಿರಲಿಲ್ಲ. ಆರು ಜನ ಹತ್ತಿದರೆ ಆಗುವ ಭಾರಕ್ಕಿಂತಲೂ ಕಡಿಮೆ.

ಮರುದಿನ ಬೆಳಿಗ್ಗೆ ಆಫೀಸಿನ ಹೊತ್ತಿಗೆ ಲಿಫ್ಟ್ ತುಂಬಿ ಇಳಿದು ಬಂದುದನ್ನು ಕೆಳಗೆ ನಿಂತು ನೋಡಿದೆ. ನೆಲಮಟ್ಟಕ್ಕಿಂತ ಎರಡು ಬೆರಳು ಕೆಳಗೆ ನಿಂತಿತು. ಹೊರಬಂದವರು ಒಬ್ಬೊಬ್ಬರೂ ಎಡವಿದರು, ಒಬ್ಬೊಬ್ಬರೂ ತಮ್ಮ ಚಪ್ಪಲಿ ನೋಡಿಕೊಂಡರು. ಖಾಲಿಯಾಗಿ ಬಂದಾಗ ಸರಿಯಾಗಿ ನಿಲ್ಲುತ್ತಿತ್ತು. ಅಂದಿನಿಂದ ನಾನು ಮಗುವನ್ನೆತ್ತಿಕೊಂಡು ನಾಲ್ಕು ಮಹಡಿ ಮೆಟ್ಟಿಲು ಹತ್ತುತ್ತಿದ್ದೇನೆ. "ಬಾಣಂತನದ ಬೊಜ್ಜು ಇಳಿಸ್ತಿದೀರಾ?" ಎಂದು ಕೇಳದವರಿಲ್ಲ.

ಸೆಕ್ರೆಟರಿಯ ಬಾಗಿಲು ತಟ್ಟಿದೆ. ಭಾರ ಸಾಲಲಿಲ್ಲ, ಇನ್ನೊಮ್ಮೆ ಪರೀಕ್ಷೆ ಮಾಡಿಸಿ ಎಂದೆ.

"ಸರ್ಟಿಫಿಕೇಟ್ ಇದೆ, ಲಿಫ್ಟ್ ಓಡ್ತಿದೆ, ಇನ್ನೇನಮ್ಮಾ?"

"ತುಂಬಿದಾಗ ಎರಡು ಬೆರಳು ಕೆಳಗೆ ನಿಲ್ತಿದೆ ಸಾರ್."

"ಎರಡು ಬೆರಳಿಗೆಲ್ಲ ಸಭೆ ಕರೆದ್ರೆ ನನ್ನ ಹತ್ತು ಬೆರಳೂ ಸಾಲಲ್ಲ. ನೋಡಿ, ಪೇಟೆಯಲ್ಲಿ ಸಿಗೋ ಅತಿ ಕಟ್ಟುನಿಟ್ಟಿನ ಮನುಷ್ಯನ್ನ ನೀವೇ ತಂದು ನಿಲ್ಲಿಸಿದ್ರಿ. ಈಗ ಅವರ ಮೇಲೂ ಅನುಮಾನ ಅಂದ್ರೆ ನಾನು ಯಾವ ದೇವರನ್ನ ಕರೆಸ್ಲಿ?"

ಉಳಿದದ್ದು ಚಿಕ್ಕಪ್ಪನ ಮನೆ.

ಭಾನುವಾರ ಮಧ್ಯಾಹ್ನ ಹೋದಾಗ ಅವರು ಬನಿಯನ್ನಿನಲ್ಲಿ ಹಜಾರದ ಸ್ಟೂಲಿನ ಮೇಲೆ ಕೂತಿದ್ದರು. ಚಿಕ್ಕಮ್ಮ ಬಿಸಿನೀರಿನ ಬಟ್ಟೆ ಹಿಂಡಿ ಹೆಗಲಿಗೆ ಒತ್ತುತ್ತಿದ್ದರು. ಕಿಟಕಿಯ ಹತ್ತಿರ ಗೋಡೆಯ ಮೊಳೆಗೆ ಸ್ಪ್ರಿಂಗ್ ತಕ್ಕಡಿ ನೇತಾಡುತ್ತಿತ್ತು. ಕೊಕ್ಕೆಗೆ ಚಿಕ್ಕಮ್ಮ ಈರುಳ್ಳಿಯ ಚೀಲ ತಗುಲಿಹಾಕಿದ್ದರು. ಮುಳ್ಳು ಎರಡು ಕಿಲೋ ತೋರಿಸುತ್ತಿತ್ತು.

"ಬಾರೇ, ಮಗೂನ ಇಲ್ಲಿ ಕೊಡು. ಏನಿದು, ಸೊರಗಿದೀಯ? ನಿದ್ದೆ ಮಾಡಲ್ವಾ ಈ ಕಳ್ಳಿ?" ಎಂದು ಚಿಕ್ಕಮ್ಮ ಮಗುವನ್ನು ಕಸಿದುಕೊಂಡರು.

ಚಹಾ ಬರುವವರೆಗೆ ಮಳೆ, ಹಲ್ಲು, ಜ್ವರ ಎಲ್ಲ ಮಾತಾಡಿದೆ. ಆಮೇಲೆ ಹೇಳಿದೆ. ಬಕೆಟ್, ಹಿಡಿಕೆ, ಎರಡು ಬೆರಳು. ಹಿಡಿಕೆಯ ವಿಷಯಕ್ಕೆ ಬಂದಾಗ ಚಿಕ್ಕಪ್ಪ ಚಿಕ್ಕಮ್ಮನ ಮುಖ ನೋಡಿದರು.

"ಹೌದೇನೇ?"

"ಮತ್ತೆ? ನಮ್ಮ ಬಚ್ಚಲಿನದು ಎರಡು ಸಲ ಕಿತ್ಕೊಂಡಿದೆ. ಅದಕ್ಕೇ ದಾರ ಕಟ್ಟಿರೋದು. ದಿನಾ ಅದರಲ್ಲೇ ಸ್ನಾನ ಮಾಡ್ತೀರಿ."

ಚಿಕ್ಕಪ್ಪ ಬಟ್ಟೆಯನ್ನು ಹೆಗಲಿನಿಂದ ತೆಗೆದು ಬೋಗುಣಿಗೆ ಹಾಕಿದರು.

"ತಕ್ಕಡಿ ಯಾಕೆ ತರಲಿಲ್ಲ ಚಿಕ್ಕಪ್ಪ?"

"ಇಪ್ಪತ್ತಾರು ಸಲ ಎತ್ತಬೇಕು ಮರಿ. ದಿನಕ್ಕೆ ಐದು ಕಟ್ಟಡ. ಈ ಹೆಗಲು ನೋಡು."

"ಹಾಗಾದ್ರೆ ಇನ್ನೊಂದು ಸಲ ಬನ್ನಿ. ನಾನೇ ಎತ್ತಿಕೊಡ್ತೀನಿ. ಭಾರ ಸಾಲದಿದ್ರೆ ಸರ್ಟಿಫಿಕೇಟ್ ವಾಪಸ್ ತಗೊಳ್ಳಿ."

"ವಾಪಸ್ ತಗೊಂಡ್ರೆ ಕಂಪ್ಯೂಟರಿನಲ್ಲಿ ಕಾರಣ ಬರೀಬೇಕು. 'ಭಾರ ತೂಗಿರಲಿಲ್ಲ' ಅಂತ. ಹಾಗೆ ಬರೆದ ತಕ್ಷಣ ಕೇಳ್ತಾರೆ, ಬೇರೆ ಕಡೆ ತೂಗಿದ್ರಾ ಅಂತ."

"ತೂಗಿದ್ರಾ?"

ಅವರು ಬೋಗುಣಿಯ ನೀರು ನೋಡುತ್ತಿದ್ದರು. "ಹೋದ ವರ್ಷದ ಕೊನೆಯಿಂದ ಇಲ್ಲ."

"ಎಷ್ಟು ಕಟ್ಟಡ?"

"ಭಾರದ ಪರೀಕ್ಷೆ ಆಗಿದ್ದು ಎಂಬತ್ತೊಂದು."

ಚಿಕ್ಕಮ್ಮ ಮಗುವನ್ನು ಆಡಿಸುವುದನ್ನು ನಿಲ್ಲಿಸಿದರು. ಎಂಬತ್ತೊಂದು ಲಿಫ್ಟು, ಒಂದೊಂದರಲ್ಲೂ ಅಜ್ಜಿಯರು, ಸ್ಕೂಲ್ ಮಕ್ಕಳು, ನನ್ನಂಥ ತಾಯಂದಿರು. ಎಲ್ಲ ಕಡೆಯೂ ಹೆಂಗಸರು ಬಕೆಟ್ಟಿನ ಹಿಡಿಕೆ ಕಿತ್ತು ಬರದಂತೆ ಎಚ್ಚರದಿಂದ ನೀರು ಹಿಡಿದಿರುತ್ತಾರೆ.

"ಕೇಳಿಲ್ಲಿ," ಎಂದರು ಚಿಕ್ಕಪ್ಪ, ದನಿ ಗಡುಸಾಯಿತು. "ನಾನು ಫೇಲ್ ಮಾಡಿದ್ರೆ ಏನಾಗ್ತಿತ್ತು? ನಿಮ್ಮ ಸೆಕ್ರೆಟರಿ ಅದೇ ಸಂಜೆ ಇನ್ನೊಬ್ಬನ ಹತ್ರ ಫೋಟೋ ಕಳಿಸಿ ಕಾಗದ ತರಿಸ್ತಿದ್ದ. ನಾನು ಮೋಟಾರಾದ್ರೂ ನೋಡಿದೆ, ಹಗ್ಗ ಆದ್ರೂ ಮುಟ್ಟಿ ನೋಡಿದೆ. ಅವನು ಅದನ್ನೂ ನೋಡಲ್ಲ. ನಾನು ಪೇಟೆಯಿಂದ ಹೋದ್ರೆ ಉಳಿಯೋರು ಯಾರು ಹೇಳು? ಅವರೇ."

"ಅದಕ್ಕೆ ನೀವೂ ಅವರ ಹಾಗೇ ಆಗಬೇಕಾ?"

"ಆಗಿಲ್ಲ!" ಎಂದು ಕೂಗಿದರು. ಮಗು ಬೆಚ್ಚಿ ತುಟಿ ಸೊಟ್ಟ ಮಾಡಿತು. ಅವರು ತಕ್ಷಣ ಕೈಚಾಚಿ ಅದರ ಪಾದ ಹಿಡಿದುಕೊಂಡರು. ಸಣ್ಣದಾಗಿ ಹೇಳಿದರು: "ಮೊದಲನೇ ದಿನ ತಕ್ಕಡಿ ಮನೇಲೇ ಬಿಟ್ಟು ಹೋದಾಗ ನಿದ್ದೆ ಬರಲಿಲ್ಲ. ಎರಡನೇ ದಿನಾನೂ ಬರಲಿಲ್ಲ. ಹತ್ತನೇ ದಿನ ಚೆನ್ನಾಗಿ ಬಂತು. ಏನೂ ಆಗಲಿಲ್ಲವಲ್ಲ."

"ಅಪ್ಪ ಹೇಳಿದ್ದೇ ಸರಿ ಇತ್ತಾ ಹಾಗಾದ್ರೆ? ಇಲಾಖೆನೇ ಇರಬೇಕಿತ್ತಾ?"

"ಇಲಾಖೆಯವನೇ ತಾನೇ ಆ ಗೋದಾಮಿಗೆ ಸಹಿ ಹಾಕಿದ್ದು? ಅವನಿಗೆ ಭಯ ಇರಲಿಲ್ಲ, ಯಾರೂ ಕೆಲಸದಿಂದ ತೆಗೆಯಲ್ಲ ಅಂತ. ನನಗೆ ಭಯ ಜಾಸ್ತಿ, ಯಾರೂ ಕೆಲಸಕ್ಕೆ ಕರೆಯಲ್ಲ ಅಂತ. ಸಹಿ ಎರಡೂ ಒಂದೇ ಥರ ಆಯ್ತು ನೋಡು." ನಗಲು ನೋಡಿದರು, ಆಗಲಿಲ್ಲ. "ನನ್ನ ಕೆಲಸ ಸರಿಯಾಗಿದೆಯಾ ಅಂತ ನೋಡೋಕೆ ಇನ್ನೊಬ್ಬ ಬರಬೇಕು. ನಾನು ದುಡ್ಡು ತಗೊಳ್ಳೋರ ಕಡೆಯಿಂದ ಅಲ್ಲ, ಬೇರೆ ಎಲ್ಲಿಂದಾದ್ರೂ. ಅವನು ಬರ್ತಾನೆ ಅಂತ ಗೊತ್ತಿದ್ದಿದ್ರೆ ನಾನು ತೂಗ್ತಿದ್ದೆ. ಹೆಗಲು ಮುರಿದ್ರೂ ತೂಗ್ತಿದ್ದೆ. ಬರಲ್ಲ ಅವನು. ದೂರು ಬಂದ್ರೆ ಮಾತ್ರ ಬರೋದು. ಸತ್ತೋರು ದೂರು ಕೊಡಲ್ಲ, ಬದುಕಿರೋರಿಗೆ ಗೊತ್ತಾಗಲ್ಲ."

"ನನಗೆ ಗೊತ್ತಾಗಿದೆ ಚಿಕ್ಕಪ್ಪ."

ಅವರು ನನ್ನನ್ನು ನೋಡಿದರು. ಸಿಟ್ಟಾಗಲಿ ಬೇಡಿಕೆಯಾಗಲಿ ಆ ಕಣ್ಣಲ್ಲಿ ಇರಲಿಲ್ಲ. ಮೋಟಾರಿಗೆ ಕಿವಿ ಕೊಟ್ಟಾಗ ಇರುತ್ತದಲ್ಲ, ಅಂಥದ್ದೊಂದು ಗಮನ ಇತ್ತು.

"ನಾನಾಗಿ ಬರೆದುಕೊಡೋಕೆ ನನ್ನಿಂದ ಆಗಲ್ಲ," ಎಂದರು. "ದೂರು ಕೊಡೋ ನಂಬರು ಲಿಫ್ಟಿನ ಒಳಗೇ ಇದೆ. ಸರ್ಟಿಫಿಕೇಟಿನ ಕೆಳಗಡೆ."

ಅಲ್ಲಿಂದೆದ್ದು ಬಚ್ಚಲಿಗೆ ಹೋದರು. ನಲ್ಲಿ ಬಿಟ್ಟ ಸದ್ದು ಬಹಳ ಹೊತ್ತು ಕೇಳಿಸಿತು. ಚಿಕ್ಕಮ್ಮ ಮಗುವಿಗೆ ಟೋಪಿ ಹಾಕಿ ನನ್ನ ಕೈಗೆ ಕೊಡುವಾಗ, "ನೋಂದಣಿ ಕಿತ್ಕೊಂಡ್ರೆ ಅವರು ಮನೇಲಿ ಏನು ಮಾಡ್ತಾರೆ ಕಣೇ? ಅವರಿಗೆ ಬೇರೇನೂ ಬರಲ್ಲ," ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಇದಾಗಿ ಐದು ದಿನ. ಫೋನ್ ಕೈಗೆತ್ತಿಕೊಳ್ಳುತ್ತೇನೆ, ಇಡುತ್ತೇನೆ. ನನ್ನ ಮದುವೆಯ ಮಂಟಪಕ್ಕೆ ನನ್ನನ್ನು ಕೈಹಿಡಿದು ಕರೆತಂದವರು ಚಿಕ್ಕಪ್ಪ. ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ಹೆರಿಗೆಯ ದಿನ ಆಸ್ಪತ್ರೆಯ ಲಿಫ್ಟಿನ ಸಂದಿ ನೋಡಿ, ಹೂಂ ಹೋಗು ಎಂದವರೂ ಅವರೇ. ಅವರ ಹೊಟ್ಟೆಯ ಮೇಲೆ ಹೊಡೆಯುವುದಕ್ಕೆ ನಾನೇ ಬೇಕಿತ್ತೇ? ಇನ್ನೊಂದು ಕಡೆ ಟೀಚರಮ್ಮ. ಲಿಫ್ಟ್ ಮುಚ್ಚಿದರೆ ಅವರು ಐದನೇ ಮಹಡಿಯಲ್ಲಿ ಕೈದಿ. "ನಿಮ್ಮ ಚಿಕ್ಕಪ್ಪ ತಪ್ಪು ಮಾಡಿಲ್ಲ ಬಿಡು, ನೀನು ಸುಮ್ಮನೆ ಇಲ್ಲದ್ದು ತಲೆಗೆ ಹಚ್ಕೋತೀಯ," ಎನ್ನುತ್ತಾರೆ ನಮ್ಮನೆಯವರು, ಎಂದಿನಂತೆ. ಆದರೆ ನಿನ್ನೆಯಿಂದ ಅವರೂ ಮೆಟ್ಟಿಲಲ್ಲೇ ಇಳಿಯುತ್ತಿದ್ದಾರೆ. ಕೇಳಿದರೆ ವ್ಯಾಯಾಮವಂತೆ.

ಇವತ್ತು ಬೆಳಿಗ್ಗೆ ಶಾಲೆಯ ಹೊತ್ತಿಗೆ ಲಿಫ್ಟಿನಲ್ಲಿ ದೊಡ್ಡವರು ನಾಲ್ವರು, ಬೆನ್ನಚೀಲ ಹೊತ್ತ ಮಕ್ಕಳು ಐದು ಇಳಿದರು. ಮಕ್ಕಳನ್ನು ಯಾರು ಎಣಿಸುತ್ತಾರೆ? ಬಾಗಿಲು ತೆರೆಯಿತು. ನಾಲ್ಕು ಬೆರಳು. ಹಿಂದಿನಿಂದ ಬಂದ ಪುಟ್ಟ ಹುಡುಗಿಯೊಬ್ಬಳು ಅದನ್ನು ಮೆಟ್ಟಿಲು ಎಂದುಕೊಂಡು, ಎರಡೂ ಕಾಲು ಜೋಡಿಸಿ ಹಾರಿ ಮೇಲೆ ಬಂದಳು. ಅವಳಿಗೆ ಖುಷಿಯೋ ಖುಷಿ.

ಎಲ್ಲರೂ ಹೋದ ಮೇಲೆ ಒಳಗೆ ಒಂದು ಕಾಲಿಟ್ಟು, ಸರ್ಟಿಫಿಕೇಟಿನ ಕೆಳಗಿನ ನಂಬರನ್ನು ಅಂಗೈ ಮೇಲೆ ಬರೆದುಕೊಂಡೆ. ಮೆಟ್ಟಿಲು ಹತ್ತಿ ಬಂದು, ಮಗುವನ್ನು ನೆಲದ ಮೇಲೆ ಚಮಚ ಕೊಟ್ಟು ಕೂರಿಸಿ, ಕರೆ ಮಾಡಿದೆ. ನಾಲ್ಕನೇ ಸಲಕ್ಕೆ ಒಬ್ಬ ಹೆಂಗಸು ಎತ್ತಿದರು.

"ಲಿಫ್ಟ್ ವಿಭಾಗ, ಹೇಳಿ."

ವಿಳಾಸ ಹೇಳಿದೆ, ತೂಗದ ಭಾರ ಹೇಳಿದೆ, ನಾಲ್ಕು ಬೆರಳು ಹೇಳಿದೆ. ಅವರು ಟೈಪ್ ಮಾಡುವುದು ಕೇಳಿಸುತ್ತಿತ್ತು.

"ಮೇಡಂ, ಒಂದು ಮಾತು. ದೂರು ದಾಖಲಾದ್ರೆ ಇವತ್ತು ಮಧ್ಯಾಹ್ನವೇ ಲಿಫ್ಟಿಗೆ ಬೀಗ ಹಾಕ್ತೀವಿ. ಮರುಪರೀಕ್ಷೆಗೆ ನಮ್ಮಲ್ಲಿ ಇರೋದು ಇಬ್ಬರೇ. ಎರಡು ತಿಂಗಳಾಗಬಹುದು. ಆ ಪರೀಕ್ಷಕರು ಸಹಿ ಹಾಕಿದ ಉಳಿದ ಲಿಫ್ಟುಗಳನ್ನೂ ತೆಗೆಸಿ ನೋಡ್ತೀವಿ. ದಾಖಲಿಸಲಾ?"

ಮಗು ಚಮಚದಿಂದ ನೆಲ ಕುಟ್ಟುತ್ತಿತ್ತು.

"ದಾಖಲಿಸಿ."

"ದೂರಿನ ಪ್ರತಿ ಪರೀಕ್ಷಕರಿಗೂ ಹೋಗತ್ತೆ. ನಿಮ್ಮ ಹೆಸರು ಗುಟ್ಟಾಗಿಡೋಕೆ ಅವಕಾಶ ಇದೆ. ತುಂಬ ಜನ ಹಾಗೇ ಮಾಡ್ತಾರೆ. ಗುಟ್ಟಾಗಿಡಲಾ?"

"ಬೇಡ," ಎಂದೆ. "ಹಾಕಿ. ಅವರು ಓದಲಿ." ಒಂದೊಂದೇ ಅಕ್ಷರ ಬಿಡಿಸಿ ನನ್ನ ಹೆಸರು ಹೇಳತೊಡಗಿದೆ.